ಒಂದೇ ಗ್ರಂಥಿ, ಎರಡು ಚೀಟಿ

ರಾಯದುರ್ಗದ ಕಡೆಯ ಹುಡುಗನಿಗೆ ಪದೇಪದೇ ಹೊಟ್ಟೆನೋವು ಬಂದರೆ ಸಿಗುವುದು ಗ್ಯಾಸ್ಟ್ರಿಕ್ ಮಾತ್ರೆ. ಮುಂದೆ ಅವನಿಗೇ ಶುಗರ್ ಕಾಣಿಸಿದರೆ ಬಳ್ಳಾರಿಯಲ್ಲಿ ಬೇರೆ ಡಾಕ್ಟರು, ಬೇರೆ ಚೀಟಿ. ಮಡಕಶಿರಾದವನಾದರೆ ಹಿಂದೂಪುರ, ಇಲ್ಲವೇ ತುಮಕೂರು. ಎರಡರ ಮೂಲವೂ ಮೇದೋಜೀರಕ ಗ್ರಂಥಿ ಇರಬಹುದೆಂಬ ಅನುಮಾನ ಯಾವ ಚೀಟಿಯಲ್ಲೂ ಇರುವುದಿಲ್ಲ.

ಜೀರ್ಣರಸ ಒಂದು ಕಡೆ, ಹಾರ್ಮೋನು ಇನ್ನೊಂದು ಕಡೆ ಎಂಬ ಈ ಒಡಕು ಹಳೆಯದು. 1869ರಲ್ಲಿ ಲ್ಯಾಂಗರ್‌ಹಾನ್ಸ್ ಗ್ರಂಥಿಯೊಳಗಿನ ಜೀವಕೋಶಗಳ ಗುಂಪುಗಳನ್ನು ಗುರುತಿಸಿದ. 1889ರಲ್ಲಿ ಮೆರಿಂಗ್ ಮತ್ತು ಮಿಂಕೋವ್‌ಸ್ಕಿ ಗ್ರಂಥಿ ತೆಗೆದ ನಾಯಿಗೆ ಸಕ್ಕರೆ ಕಾಯಿಲೆ ಬಂತು. 1921ರಲ್ಲಿ ಬ್ಯಾಂಟಿಂಗ್ ಹೊರಟದ್ದೇ ನಾಳ ಕಟ್ಟಿ, ಜೀರ್ಣರಸದ ಭಾಗವನ್ನು ಬಾಡಿಸಿ, ಹಾರ್ಮೋನನ್ನು ಉಳಿಸಿಕೊಳ್ಳುವ ಯೋಚನೆಯಿಂದ. ಇನ್ಸುಲಿನ್ ಸಿಕ್ಕಿತು, ಜೀರ್ಣರಸದ ಮಾತು ಶುಗರ್ ಡಾಕ್ಟರುಗಳ ಬಾಯಿಂದ ಹೆಚ್ಚುಕಡಿಮೆ ಮಾಯವಾಯಿತು. ಲ್ಯಾಂಗರ್‌ಹಾನ್ಸ್ ಕಂಡ ಆ ಹಾರ್ಮೋನಿನ ಕೋಶಗಳು ಗ್ರಂಥಿಯ ತೂಕದಲ್ಲಿ ಶೇ. 1–2 ಮಾತ್ರ. ಅವುಗಳಿಂದ ಹೊರಟ ರಕ್ತ ಸುತ್ತಲಿನ ಜೀರ್ಣರಸದ ಕೋಶಗಳನ್ನು ಹಾಯುತ್ತದೆ. ಆ ಇನ್ಸುಲಿನ್ ಅವುಗಳಿಗೆ ಪೋಷಣೆಯೂ ಹೌದು. ಟೈಪ್ 1ರಲ್ಲಿ ಇಡೀ ಗ್ರಂಥಿ ಕುಗ್ಗುವುದಕ್ಕೆ ಇದೂ ಒಂದು ಕಾರಣವೆನ್ನುತ್ತಾರೆ.

ಹೊಟ್ಟೆನೋವಿಗೂ ಶುಗರ್‌ಗೂ ಇರುವ ನಂಟು ಎದ್ದು ಕಂಡದ್ದು ನಮ್ಮ ದಕ್ಷಿಣದಲ್ಲಿ, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. 1959ರಲ್ಲಿ ಜುಯ್ಡೆಮಾ ಇಂಡೋನೇಷ್ಯಾದಿಂದ ಇಂಥ ರೋಗಿಗಳ ಬಗ್ಗೆ ಬರೆದ ಮೇಲೆ ಕೇರಳದ ವೈದ್ಯ ಗೀವರ್ಗೀಸ್ ಅಂಥವರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಚಿಕ್ಕಂದಿನಲ್ಲಿ ಹೊಟ್ಟೆನೋವು, ಗ್ರಂಥಿಯ ನಾಳದಲ್ಲಿ ಸುಣ್ಣದ ಕಲ್ಲು, ಯೌವನದಲ್ಲಿ ಶುಗರ್. ಚೆನ್ನೈನಲ್ಲಿ ಮೋಹನ್ ಮತ್ತು ಸಂಗಡಿಗರು ಈ ಕೆಲಸ ಮುಂದುವರಿಸಿದರು. ಇದಕ್ಕೆ ಮರಗೆಣಸೇ ಕಾರಣವೆಂಬ ಆರೋಪ, ಅದನ್ನು ತಿನ್ನದವರಲ್ಲೂ ಕಾಯಿಲೆ ಕಂಡಾಗ ಸಡಿಲವಾಯಿತು. 2002ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯವರೂ ಸೇರಿ ಇಂಥ ರೋಗಿಗಳಲ್ಲಿ ಸ್ಪಿಂಕ್1 ಜೀನಿನ ದೋಷವನ್ನು ತೋರಿಸಿದರು. ಜೀರ್ಣರಸದ ಕಿಣ್ವವಾದ ಟ್ರಿಪ್ಸಿನ್ ಗ್ರಂಥಿಯ ಒಳಗೇ ಕೆರಳದಂತೆ ತಡೆಯುವ ಜೀನು ಅದು. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಈ ಕಾಯಿಲೆಯನ್ನು ಅಪೌಷ್ಟಿಕತೆಯ ಮಧುಮೇಹದ ಪಟ್ಟಿಗೆ ಸೇರಿಸಿತು, 1999ರಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟು ಇದನ್ನು ಗ್ರಂಥಿಯ ಕಾಯಿಲೆಗಳ ಸಾಲಿಗೆ ತಳ್ಳಿತು. ಗ್ರಂಥಿಯ ಕಾಯಿಲೆಯಿಂದ ಬರುವ ಶುಗರನ್ನು ಈಗ ಟೈಪ್ 3ಸಿ ಎನ್ನುವುದು ಫ್ಯಾಷನ್.

ಜೀರ್ಣರಸದ ಕೊರತೆಗೆ ಪಠ್ಯಪುಸ್ತಕ ಹೇಳುವ ಗುರುತು ಜಿಡ್ಡು ತೇಲುವ ಮಲ. ಮುದ್ದೆ, ಸಾರು, ಬೆರಳ ತುದಿಯಷ್ಟು ಶೇಂಗಾ ಚಟ್ನಿ ಉಣ್ಣುವವನ ಹೊಟ್ಟೆಗೆ ಜಿಡ್ಡು ಬೀಳುವುದೇ ಕಡಿಮೆ, ಮಲದಲ್ಲಿ ಎಲ್ಲಿಂದ ಕಾಣಬೇಕು? ಅವನು ಸೊರಗುತ್ತಾನಷ್ಟೆ. ಶುಗರ್‌ನಿಂದಲೇ ಸೊರಗಿದ ಎಂದು ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಸಕ್ಕರೆ ಏರಿಸುವ ಹಾರ್ಮೋನಾದ ಗ್ಲುಕಗಾನ್ ಕೂಡ ಕಡಿಮೆಯಾಗಿರುವುದರಿಂದ ಇನ್ಸುಲಿನ್ ಸ್ವಲ್ಪ ಹೆಚ್ಚಾದರೂ ಸಕ್ಕರೆ ದಿಢೀರನೆ ಇಳಿಯುತ್ತದೆ. ಜೀರ್ಣರಸದ ಕೊರತೆಗೆ ಕೊಡುವ ಕಿಣ್ವದ ಕ್ಯಾಪ್ಸೂಲನ್ನು ಊಟದ ಜೊತೆಗೇ ನುಂಗಬೇಕು, ಊಟ ಮುಗಿದು ಗಂಟೆಯಾದ ಮೇಲಲ್ಲ.

ಈ ಕೊರತೆಯನ್ನು ತೋರಿಸುವ ಮಲದ ಎಲಾಸ್ಟೇಸ್ ಪರೀಕ್ಷೆಗೆ ಸ್ಯಾಂಪಲ್ ದೊಡ್ಡ ಲ್ಯಾಬಿಗೆ ಹೋಗಬೇಕು, ಖರ್ಚಿನ ಬಾಬತ್ತು. ಆದರೆ ಗ್ರಂಥಿಯ ನಾಳದ ಆ ಕಲ್ಲುಗಳು ಹಲವರಲ್ಲಿ ಹೊಟ್ಟೆಯ ಸಾದಾ ಎಕ್ಸ್‌ರೇಯಲ್ಲೇ ಬೆನ್ನುಮೂಳೆಯ ಅಕ್ಕಪಕ್ಕ ಬೆಳ್ಳಗೆ ಕಾಣುತ್ತವೆ. ಶುಗರ್ ಚೀಟಿ ಬರೆಯುವವರು ಬಡಕಲು ಹರೆಯದವರಿಗೆ ಅದನ್ನೊಂದು ಬರೆದುಕೊಡಲು ಬೆಂಗಳೂರಿನ ಅಪ್ಪಣೆ ಬೇಕಿಲ್ಲ.