ಅಶ್ವವೈದ್ಯವೂ ಅಶ್ವಚಿಕಿತ್ಸೆಯೂ: ಹೊನ್ನಾವರ, ಭಟ್ಕಳಗಳ ಕುದುರೆಗಳ ವಿಚಾರ

ಬೆಳವಣಿಗೆಯಲ್ಲಿ ತೊಡಕುಳ್ಳ ಮಕ್ಕಳನ್ನು ಕುದುರೆಯ ಮೇಲೆ ಕುಳ್ಳಿರಿಸಿ ಮೆಲ್ಲನೆ ನಡೆಯಿಸುವ ಚಿಕಿತ್ಸಾಕ್ರಮವೊಂದು ಈಚೆಗೆ ಲೋಕದ ನಾನಾ ದೇಶಗಳಲ್ಲಿ ಬಳಕೆಗೆ ಬಂದಿರುವುದಷ್ಟೆ. ಹೊಸತು ಯಾವುದು ಬಂದರೂ ಅದರ ಬೇರನ್ನು ಹಳೆಯ ಗ್ರಂಥಗಳಲ್ಲಿ ಅರಸುವುದು ನಮ್ಮವರ ವಾಡಿಕೆ. ಕನ್ನಡದಲ್ಲಿ ‘ಅಶ್ವವೈದ್ಯ’ವೆಂಬ ಗ್ರಂಥವುಂಟು, ಕನ್ನಡ ಕರಾವಳಿಯ ಭಟ್ಕಳ, ಹೊನ್ನಾವರಗಳು ಒಂದು ಕಾಲದಲ್ಲಿ ಕುದುರೆಗಳು ಬಂದಿಳಿಯುತ್ತಿದ್ದ ರೇವುಗಳು. ಹೀಗಿರಲಾಗಿ ಈ ಚಿಕಿತ್ಸೆ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ಹೇಳಲು ಆಧಾರವುಂಟೆ ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಮೊದಲು ರೇವುಗಳ ಮಾತು. ಹದಿನಾಲ್ಕನೆಯ ಶತಮಾನದ ನಡುವೆ ಹೊನ್ನಾವರದಲ್ಲಿ ತಂಗಿದ್ದ ಇಬ್ನ್ ಬತೂತನು ಅಲ್ಲಿಯ ಸುಲ್ತಾನ ಜಮಾಲುದ್ದೀನನು ಸಂದಾಪುರದ ಮೇಲೆ 52 ಹಡಗುಗಳೊಡನೆ ದಂಡೆತ್ತಿ ಹೋದುದನ್ನು ಬಣ್ಣಿಸಿದ್ದಾನೆ. ಅವುಗಳಲ್ಲಿ ಕೆಲವು ಹಿಂಬದಿ ತೆರೆದಿದ್ದು, ಸವಾರನು ಹಡಗಿನೊಳಗೇ ಕುದುರೆಯನ್ನೇರಿ ಹೊರಬರುವಂತೆ ಕಟ್ಟಲ್ಪಟ್ಟಿದ್ದುವು. 1516ರ ಸುಮಾರಿನಲ್ಲಿ ಬರೆದ ದುವಾರ್ತೆ ಬಾರ್ಬೋಸನು, ಹೊರ್ಮುಜಿನಿಂದ ಭಟ್ಕಳಕ್ಕೆ ಕುದುರೆಗಳೂ ಮುತ್ತುಗಳೂ ಬರುತ್ತಿದ್ದುವೆಂದೂ, ಪೋರ್ಚುಗೀಸರ ದೆಸೆಯಿಂದ ಅವು ಗೋವೆಯ ಕಡೆಗೆ ತಿರುಗಿದುವೆಂದೂ ಹೇಳಿರುತ್ತಾನೆ. ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣಗಳು ಹೊರಹೋಗುತ್ತಿದ್ದುವು. ಕುಮಟೆಯ ಬಳಿಯ ಮಿರ್ಜಾನವಾದರೋ ಮೆಣಸಿನ ರೇವೆಂದೇ ಹೆಸರಾದುದು.

ಈ ಪ್ರಾಣಿಯ ಬೆಲೆಯನ್ನು ನೂನಿಜನ ಒಂದು ಮಾತಿನಿಂದಲೇ ಅಳೆಯಬಹುದು. ಸಾಳುವ ನರಸಿಂಹನು ಸಾವಿರ ಪರದಾವಿಗೆ ಮೂರರಂತೆ ಕುದುರೆಗಳನ್ನು ಕೊಳ್ಳುತ್ತಿದ್ದನಂತೆ; ಸಮುದ್ರದಲ್ಲಿ ಸತ್ತುದರ ಬಾಲವನ್ನು ತಂದೊಪ್ಪಿಸಿದರೂ ಜೀವಂತ ಕುದುರೆಯ ಹಣವೇ ಸಲ್ಲುತ್ತಿತ್ತಂತೆ. ಕೃಷ್ಣದೇವರಾಯನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ ಅವನೇ ಬರೆದಿದ್ದಾನೆ. ಭಟ್ಕಳದ ಮುಸಲ್ಮಾನ ವರ್ತಕರು ದಕ್ಷಿಣದ ಸುಲ್ತಾನರಿಗೆ ಕುದುರೆಗಳನ್ನು ಮಾರಿದರೆಂದು ಮುನಿದು ವಿಜಯನಗರದ ಅರಸನು ಮಾಡಿಸಿದ ಕೊಲೆಯನ್ನು ಸೀವೆಲ್ಲರು 1900ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪೋರ್ಚುಗೀಸ್ ಲೇಖಕರ ಆಧಾರದಿಂದ ಹೇಳಿದ್ದಾರೆ. ಸತ್ತವರು 10,000 ಎಂಬ ಅಲ್ಲಿಯ ಲೆಕ್ಕವನ್ನು ಅಕ್ಷರಶಃ ನಂಬಬೇಕಾಗಿಲ್ಲವಾದರೂ, ಕುದುರೆಗಾಗಿ ಮನುಷ್ಯರ ನೆತ್ತರು ಹರಿದ ತೀರವಿದೆಂಬುದನ್ನು ಮರೆಯಲಾಗದು. 1547ರಲ್ಲಿ ಸದಾಶಿವರಾಯನಿಗೂ ಪೋರ್ಚುಗೀಸರಿಗೂ ಆದ ಕೌಲಿನ ತಿರುಳೂ, ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೆ ಸಲ್ಲಬೇಕು, ಬಿಜಾಪುರಕ್ಕೆ ಸಲ್ಲಬಾರದು ಎಂಬುದೇ.

ಇಷ್ಟು ಬೆಲೆ ಬಾಳುವ ಪ್ರಾಣಿಗೆ ವೈದ್ಯವಿಲ್ಲದಿರುವುದೆಂತು? ದಕ್ಷಿಣದವರಿಗೆ ಕುದುರೆಯನ್ನು ಸಾಕುವುದು ತಿಳಿಯದೆಂಬ ಅಪವಾದವು ಮಾರ್ಕೋ ಪೋಲೋನ ಬರಹದಿಂದ ಹುಟ್ಟಿದುದು. ಆದರೆ ಆತನ ಮಾತು ಹದಿಮೂರನೆಯ ಶತಮಾನದ ಕೊನೆಯ ಪಾಂಡ್ಯರ ತೀರಕ್ಕೆ ಸಂಬಂಧಪಟ್ಟುದು. ಅದನ್ನು ಕನ್ನಡನಾಡಿಗೆ ಅನ್ವಯಿಸುವುದು ಯುಕ್ತವಲ್ಲ. ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅದಕ್ಕೂ ಒಂದೂವರೆ ಶತಮಾನದ ಹಿಂದೆಯೇ ಅಶ್ವವಿಚಾರವು ಬಂದಿದೆ. ಸುಮಾರು 1400ರಲ್ಲಿ ಅಭಿನವಚಂದ್ರನು ಕನ್ನಡದಲ್ಲಿ ‘ಅಶ್ವವೈದ್ಯ’ವನ್ನೂ, 1627ರಲ್ಲಿ ಪದ್ಮಣಪಂಡಿತನು ‘ಹಯಸಾರಸಮುಚ್ಚಯ’ವನ್ನೂ ರಚಿಸಿದರು. ಆದುದರಿಂದ ಅಪವಾದವು ನಿಲ್ಲಲಾರದು.

ಆದರೆ ಇದರಿಂದಲೇ ಮೇಲಣ ಪ್ರಶ್ನೆಗೂ ಉತ್ತರ ದೊರೆಯುತ್ತದೆ. ‘ಅಶ್ವವೈದ್ಯ’ವೆಂಬುದು ಷಷ್ಠೀ ತತ್ಪುರುಷ: ಕುದುರೆಯ ವೈದ್ಯ. ಇಂದು ಹೇಳುವ ಅಶ್ವಚಿಕಿತ್ಸೆಯಾದರೋ ತೃತೀಯಾ ತತ್ಪುರುಷ: ಕುದುರೆಯಿಂದ ಮನುಷ್ಯನಿಗೆ ಚಿಕಿತ್ಸೆ. ಒಂದರಲ್ಲಿ ಕುದುರೆಯೇ ರೋಗಿ. ಇನ್ನೊಂದರಲ್ಲಿ ಅದು ಉಪಕರಣ, ಅಥವಾ ಸಹಾಯಕ. ಸಮಾಸದ ವಿಗ್ರಹವನ್ನು ಬದಲಿಸಿ ಇತಿಹಾಸವನ್ನು ಹಿಗ್ಗಿಸುವುದು ಪಂಡಿತರಿಗೆ ತಕ್ಕುದಲ್ಲ.

ಹೊಸ ಚಿಕಿತ್ಸೆಯ ಚರಿತ್ರೆ ಬೇರೆ. ಪೋಲಿಯೋದಿಂದ ಮೊಣಕಾಲಿನ ಕೆಳಗೆ ಸ್ವಾಧೀನ ತಪ್ಪಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆ 1952ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡೆಗಳಲ್ಲಿ ಕುದುರೆ ಸವಾರಿಗೆ ಬೆಳ್ಳಿಯ ಪದಕವನ್ನು ಪಡೆದ ಮೇಲೆ ಅದು ವಿಶೇಷವಾಗಿ ಹರಡಿತು. ನಡೆಯುವ ಕುದುರೆಯ ಬೆನ್ನು ಸವಾರನ ಸೊಂಟವನ್ನು ಮನುಷ್ಯನ ನಡಿಗೆಯಲ್ಲಿ ಆಗುವಂತೆಯೇ ಮುಂದಕ್ಕೂ ಮೇಲಕ್ಕೂ ಪಕ್ಕಕ್ಕೂ ಅಲುಗಿಸುವುದೇ ಇದರ ತತ್ತ್ವ. ಇದರಿಂದ ಮೈಯ ಸಮತೋಲಕ್ಕೆ ಅಭ್ಯಾಸ ದೊರೆಯುತ್ತದೆ. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಆಟಿಸಂ ಉಳ್ಳ 6ರಿಂದ 16 ವಯಸ್ಸಿನ 127 ಮಕ್ಕಳನ್ನು ಎರಡು ಪಂಗಡವಾಗಿ ವಿಂಗಡಿಸಿದರು. ಕೆಲವರಿಗೆ ಹತ್ತು ವಾರ ಸವಾರಿ. ಉಳಿದವರಿಗೆ ಕುದುರೆಯ ಸಂಪರ್ಕವಿಲ್ಲದ ಲಾಯದ ಪಾಠ. ಸವಾರಿಯ ಪಂಗಡದಲ್ಲಿ ಸಿಡುಕೂ ಅತಿಚಟುವಟಿಕೆಯೂ ಹೆಚ್ಚಾಗಿ ತಗ್ಗಿದುವು. ಇದು ರೋಗವನ್ನು ಬೇರುಸಹಿತ ಕೀಳುವ ಮದ್ದಲ್ಲ. ಬೇರೆ ಚಿಕಿತ್ಸೆಗಳಿಗೆ ಒತ್ತಾಸೆಯಾಗಬಲ್ಲುದು. ನುರಿತ ಚಿಕಿತ್ಸಕರೂ ಸಾಧುವಾದ ಕುದುರೆಯೂ ಇಲ್ಲದೆ ಮಗುವನ್ನು ಸವಾರಿಗೆ ಒಡ್ಡುವುದು ಅಪಾಯಕರ.

ಹಳೆಯ ಗ್ರಂಥದಲ್ಲಿ ಇದ್ದಿತೆಂದು ನಂಬಿಸಿ ತಾಯ್ತಂದೆಗಳಿಗೆ ಭರವಸೆ ಮಾರುವವರು ಹುಟ್ಟಬಹುದು. ಆದುದರಿಂದಲೇ ಈ ವಿವೇಚನೆ ಕೇವಲ ಶಬ್ದಚರ್ಚೆಯಲ್ಲ. ಈ ತೀರದ ಗತಕಾಲದಿಂದ ಮಕ್ಕಳಿಗಾಗಿ ಒಂದು ಮೇಲ್ಪಂಕ್ತಿಯನ್ನು ಎತ್ತಿಕೊಳ್ಳಬೇಕಾದರೆ ಅದು ಕುದುರೆಯ ಲಾಯದಲ್ಲಿಲ್ಲ. ಅದೇ ಇಬ್ನ್ ಬತೂತನು ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳನ್ನು ಕಂಡನು. ಹೆಣ್ಣುಮಕ್ಕಳ ಶಾಲೆಗಳು ಅವನಿಗೆ ಬೇರೆಲ್ಲಿಯೂ ಕಾಣದ ಸೋಜಿಗವಾಗಿದ್ದುವು. ಉಳಿದವರು ಕಲಿಸದೆ ಬಿಟ್ಟವರಿಗೂ ಕಲಿಸಿದ ಊರೆಂಬ ಈ ಹೆಗ್ಗಳಿಕೆಗೆ ಆಧಾರವುಂಟು. ತೊಡಕುಳ್ಳ ಮಕ್ಕಳ ವಿಷಯದಲ್ಲಿ ಅದನ್ನು ಮುಂದುವರಿಸುವುದು ಇಂದಿನವರ ಭಾರ.