ಹೊಸ್ತಿಲಿನ ಆಚೆ ಈಚೆ: ಲೊರೇನ್ ಹ್ಯಾನ್ಸ್‌ಬೆರಿಯ ಬದುಕು, ನಾಟಕ

1959ರ ಮಾರ್ಚ್ 11ರಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ‘ಎ ರೇಸಿನ್ ಇನ್ ದ ಸನ್’ ಎಂಬ ನಾಟಕ ರಂಗವೇರಿತು. ಬರೆದವರು 28 ವರ್ಷದ ಲೊರೇನ್ ಹ್ಯಾನ್ಸ್‌ಬೆರಿ. ಕಪ್ಪು ಮಹಿಳೆಯೊಬ್ಬಳ ನಾಟಕ ಬ್ರಾಡ್‌ವೇಯನ್ನು ತಲುಪಿದ್ದು ಅದೇ ಮೊದಲು. 530 ಪ್ರದರ್ಶನಗಳನ್ನು ಕಂಡ ಆ ನಾಟಕ ನ್ಯೂಯಾರ್ಕಿನ ನಾಟಕ ವಿಮರ್ಶಕರ ಪ್ರಶಸ್ತಿಯನ್ನೂ ಪಡೆಯಿತು. ಇಷ್ಟೆಲ್ಲ ಆದದ್ದು ಒಂದು ಸರಳ ವಸ್ತುವಿನ ಮೇಲೆ: ಒಂದು ಕುಟುಂಬ ಮನೆ ಕೊಳ್ಳುತ್ತದೆ, ಆ ಮನೆಗೆ ಬರಬೇಡಿ ಎಂದು ನೆರೆಯವರು ಹೇಳುತ್ತಾರೆ.

ಈ ವಸ್ತು ಲೊರೇನ್‌ಗೆ ಪುಸ್ತಕದಿಂದ ಬಂದದ್ದಲ್ಲ. 1930ರ ಮೇ 19ರಂದು ಶಿಕಾಗೋದಲ್ಲಿ ಹುಟ್ಟಿದ ಆಕೆಯ ತಂದೆ ಕಾರ್ಲ್ ಹ್ಯಾನ್ಸ್‌ಬೆರಿ ಮನೆ-ನಿವೇಶನಗಳ ವ್ಯಾಪಾರಿ. ಕಪ್ಪು ಜನರಿಗೆ ಮನೆ ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ ಎಂದು ಬಿಳಿಯ ಮಾಲೀಕರು ಪರಸ್ಪರ ಕರಾರು ಬರೆದುಕೊಂಡಿದ್ದ ಬಡಾವಣೆಯಲ್ಲಿ ಅವರು 1937ರಲ್ಲಿ ಮನೆ ಕೊಂಡರು. ಮನೆಯ ಮುಂದೆ ಗುಂಪು ಸೇರಿತು. ಕಿಟಕಿಯಿಂದ ತೂರಿಬಂದ ವಸ್ತು ಬಾಲಕಿ ಲೊರೇನ್‌ಗೆ ತಗಲುವುದು ಸ್ವಲ್ಪದರಲ್ಲಿ ತಪ್ಪಿತು. ತಂದೆ ನ್ಯಾಯಾಲಯದ ಹೋರಾಟದಲ್ಲಿದ್ದಾಗ ತಾಯಿ ಪಿಸ್ತೂಲು ಹಿಡಿದು ರಾತ್ರಿಯೆಲ್ಲ ಮನೆ ಕಾಯುತ್ತಿದ್ದರು.

1940ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹ್ಯಾನ್ಸ್‌ಬೆರಿ ಕುಟುಂಬದ ಪರ ತೀರ್ಪು ನೀಡಿತು. ಆದರೆ ಅಂಥ ಕರಾರು ಅನ್ಯಾಯವೆಂದು ಕೋರ್ಟು ಹೇಳಲಿಲ್ಲ. ಹಿಂದಿನ ಮೊಕದ್ದಮೆಯಲ್ಲಿ ಕಕ್ಷಿಯಾಗದವರನ್ನು ಅದರ ತೀರ್ಪು ಕಟ್ಟಿಹಾಕದು ಎಂದಷ್ಟೇ ಹೇಳಿತು. ಜನಾಂಗೀಯ ಕರಾರನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂಬ ಮಾತು ಬರಲು 1948ರವರೆಗೆ ಕಾಯಬೇಕಾಯಿತು. ಕಾರ್ಲ್ ಅದಕ್ಕೆ ಮೊದಲೇ, 1946ರಲ್ಲಿ, ತೀರಿಕೊಂಡಿದ್ದರು. ಗೆದ್ದ ಮೊಕದ್ದಮೆಯಲ್ಲಿ ಉತ್ತರ ಸಿಗದೆ ಉಳಿದ ಪ್ರಶ್ನೆಯನ್ನು ಮಗಳು ರಂಗಕ್ಕೆ ತಂದಳು.

ನಾಟಕದ ಯಂಗರ್ ಕುಟುಂಬದ ಮನೆ ಮುಂಬಯಿಯ ಚಾಳುಗಳನ್ನು ಬಲ್ಲವರಿಗೆ ಅಪರಿಚಿತವೇನಲ್ಲ. ಇಕ್ಕಟ್ಟಾದ ಕೋಣೆಗಳು, ಮೂರು ತಲೆಮಾರು, ನೆರೆಯವರೊಂದಿಗೆ ಹಂಚಿಕೊಂಡ ಬಚ್ಚಲು, ಹಾಲಿನ ಸೋಫಾದ ಮೇಲೆ ಮಲಗುವ ಮೊಮ್ಮಗ. ತೀರಿಹೋದ ಯಜಮಾನನ ವಿಮೆಯ ಹಣ 10,000 ಡಾಲರ್ ಬರುತ್ತದೆ. ತಾಯಿ ಲೀನಾಗೆ ಸ್ವಂತ ಮನೆ ಬೇಕು, ಮಗ ವಾಲ್ಟರ್‌ಗೆ ವ್ಯಾಪಾರ, ಮಗಳು ಬೆನೀಥಾಗೆ ವೈದ್ಯಕೀಯ ಓದು. ತಾಯಿ ಬಿಳಿಯರ ಬಡಾವಣೆಯಲ್ಲಿ ಮನೆಗೆ ಮುಂಗಡ ಕೊಡುತ್ತಾಳೆ; ಉಳಿದ ಹಣವನ್ನು ಮಗ ನಂಬಿದ ಗೆಳೆಯನೊಬ್ಬ ಎತ್ತಿಕೊಂಡು ಹೋಗುತ್ತಾನೆ.

ನಮಗೆ ಈ ನಾಟಕದಲ್ಲಿ ಬಹಳ ಮುಖ್ಯವೆನಿಸುವ ಪಾತ್ರ ಲಿಂಡ್ನರ್ ಎಂಬ ಬಿಳಿಯನದು. ಆತ ಕಲ್ಲು ಹಿಡಿದು ಬರುವುದಿಲ್ಲ. ಬಡಾವಣೆಯ ಸ್ವಾಗತ ಸಮಿತಿಯ ಪ್ರತಿನಿಧಿಯಾಗಿ ಹ್ಯಾಟು ಕೈಯಲ್ಲಿ ಹಿಡಿದು ಬರುತ್ತಾನೆ. ಮೆಲುದನಿಯಲ್ಲಿ, ಎಲ್ಲರ ಒಳಿತಿಗಾಗಿ ಎಂಬಂತೆ, ಮನೆಯನ್ನು ಹೆಚ್ಚಿನ ಬೆಲೆಗೆ ಮರಳಿ ಕೊಳ್ಳುತ್ತೇವೆ ಎನ್ನುತ್ತಾನೆ. ಬಾಲ್ಯದಲ್ಲಿ ಕಲ್ಲನ್ನು ಕಂಡಿದ್ದ ಲೇಖಕಿ ರಂಗದ ಮೇಲೆ ಸೌಜನ್ಯವನ್ನು ನಿಲ್ಲಿಸಿದರು. ಕಲ್ಲೆಸೆಯುವವನನ್ನು ಪ್ರೇಕ್ಷಕ ಸುಲಭವಾಗಿ ಹಳಿದು ಮನೆಗೆ ಹೋಗಬಲ್ಲ. ಸಭ್ಯನಾದ ಲಿಂಡ್ನರ್‌ನಲ್ಲಿ ತನ್ನದೇ ಮುಖ ಕಂಡರೆ ಹಾಗೆ ಹೋಗಲಾರ. ಹಣವೆಲ್ಲ ಕಳೆದುಕೊಂಡ ವಾಲ್ಟರ್ ಆ ಬೆಲೆಯನ್ನು ಒಪ್ಪಲು ಹೊರಟು, ಕೊನೆಗೆ ತನ್ನ ಮಗನೆದುರು ನಿಂತು ನಿರಾಕರಿಸುತ್ತಾನೆ.

ಇದು ದೂರದ ದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. 1917ರಲ್ಲಿ, ಅದೇ ನ್ಯೂಯಾರ್ಕಿನಲ್ಲಿ ಓದಿದ್ದ ಡಾ. ಅಂಬೇಡ್ಕರ್ ಬರೋಡಾ ಸಂಸ್ಥಾನದ ಅಧಿಕಾರಿಯಾಗಿ ಹೋದಾಗ ತಂಗಲು ಜಾಗ ಸಿಗದೆ ಪಾರ್ಸಿ ಹೆಸರಿನಲ್ಲಿ ಪಾರ್ಸಿ ವಸತಿಗೃಹವೊಂದರಲ್ಲಿ ಇರಬೇಕಾಯಿತು. ಕೋಲು ಹಿಡಿದು ಬಂದವರು ಅವರನ್ನು ಅಲ್ಲಿಂದ ಹೊರಡಿಸಿದರು. 1946ರಲ್ಲಿ ಅವರು ಕಪ್ಪು ಚಿಂತಕ ಡುಬಾಯ್ಸ್‌ಗೆ ಪತ್ರ ಬರೆದು ಎರಡು ಸಮುದಾಯಗಳ ಸಾಮ್ಯವನ್ನು ಎತ್ತಿಹೇಳಿದರು. ಅದೇ ಡುಬಾಯ್ಸ್ ಮುಂದೆ ನ್ಯೂಯಾರ್ಕಿನಲ್ಲಿ ಲೊರೇನ್‌ಗೆ ಗುರುವಾದರು.

ಕನ್ನಡಕ್ಕಂತೂ ಈ ಕರಾರಿಗೆ ಕಾಗದವೇ ಬೇಕಿರಲಿಲ್ಲ. ‘ಊರು’ ಮತ್ತು ‘ಕೇರಿ’ ಎಂಬ ಎರಡು ಪದಗಳೇ ಸಾಕಾಗಿದ್ದವು. ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ ಬೆಂಗಳೂರಿನ ಶ್ರೀರಾಮಪುರದ ಕೊಳೆಗೇರಿಯಲ್ಲಿ ಬೆಳೆದ ಸಿದ್ಧಲಿಂಗಯ್ಯನವರು (1954–2021) ತಮ್ಮ ಆತ್ಮಕಥೆಗೆ ಆ ಎರಡು ಪದಗಳನ್ನೇ ಹೆಸರಾಗಿಟ್ಟರು. 1975ರ ‘ಹೊಲೆಮಾದಿಗರ ಹಾಡು’ ಅವರನ್ನು ಕವಿಯಾಗಿ ಮನೆಮಾತಾಗಿಸಿತು. ‘ಪಂಚಮ’, ‘ನೆಲಸಮ’, ‘ಏಕಲವ್ಯ’ ನಾಟಕಗಳನ್ನೂ ಅವರು ಬರೆದರೆಂಬುದು ಅಷ್ಟಾಗಿ ನೆನಪಾಗುವುದಿಲ್ಲ. ಹೊರಗಿಟ್ಟವರ ಕಥೆಯನ್ನು ಹೊರಗಿನಿಂದಲೇ ಬಂದವರು ರಂಗದ ನಡುವೆ ನಿಲ್ಲಿಸುವ ಕೆಲಸ ಶಿಕಾಗೋದಲ್ಲಿ ನಡೆದಂತೆ ಕನ್ನಡದಲ್ಲೂ ನಡೆದಿದೆ.

ಇನ್ನು ಕಾನೂನಿನ ಮಾತು. ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವೊಂದರ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು 2005ರಲ್ಲಿ, ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಮೀಸಲಿಡುವ ಬೈಲಾ ಅಸಿಂಧುವಲ್ಲ ಎಂದಿತು. ನೌಪಾಡಾದ ಹಳೆಯ ಕಟ್ಟಡಗಳು ಒಂದೊಂದಾಗಿ ಕೆಡವಲ್ಪಟ್ಟು ಟವರುಗಳಾಗುತ್ತಿವೆ. ಆದರೆ ಬಾಡಿಗೆ ಮನೆ ಹುಡುಕುವಾಗ ವರ್ಗಾವಣೆಯ ನೌಕರಿಯ ನಾವು ಕೇಳಿಸಿಕೊಂಡ ಪ್ರಶ್ನೆಗಳು ಹಳೆಯವೇ: ನೀವು ಯಾವ ಜನ? ಮನೆಯಲ್ಲಿ ಮೀನು ಮಾಂಸ ಬೇಯಿಸುತ್ತೀರಾ? ಎಲ್ಲವೂ ಚಹಾ ಕೊಟ್ಟು, ಲಿಂಡ್ನರ್‌ನ ಮೆಲುದನಿಯಲ್ಲೇ. ಬಾಡಿಗೆದಾರನಾಗಿ ಈ ಪ್ರಶ್ನೆಗೆ ನೊಂದವನು ಮಾಲೀಕನಾದ ಬಳಿಕ ಅದನ್ನೇ ಕೇಳುವುದೂ ಉಂಟು. ಅದರಲ್ಲಿ ಕನ್ನಡಿಗ, ಮರಾಠಿಗ ಎಂಬ ಭೇದವಿಲ್ಲ.

ಲೊರೇನ್ 1965ರ ಜನವರಿ 12ರಂದು, 34ರ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಮೊದಲ ನಾಟಕವನ್ನು ನಿರ್ದೇಶಿಸಿದ ಲಾಯ್ಡ್ ರಿಚರ್ಡ್ಸ್ ಮುಂದೆ ಆಗಸ್ಟ್ ವಿಲ್ಸನ್‌ರ ನಾಟಕಗಳನ್ನು ಬ್ರಾಡ್‌ವೇಗೆ ತಂದರು. ಗಾಯಕಿ ನೀನಾ ಸಿಮೋನ್ ಗೆಳತಿಯ ನೆನಪಿಗೆ ಕಟ್ಟಿದ ಹಾಡು ಕಪ್ಪು ತರುಣರ ಹೆಮ್ಮೆಯ ಹಾಡಾಯಿತು. ಕಲ್ಲು ಬಿದ್ದ ಆ ಮನೆಯನ್ನು ಶಿಕಾಗೋ ನಗರ ಇಂದು ಸ್ಮಾರಕವಾಗಿ ಕಾಯುತ್ತಿದೆ.

ನಾಟಕದ ಕೊನೆಯಲ್ಲಿ ಲೀನಾ ಬೆಳಕು ಸಾಲದೆ ಸೊರಗಿದ ತನ್ನ ಪುಟ್ಟ ಗಿಡದ ಕುಂಡವನ್ನು ಎತ್ತಿಕೊಂಡು ಹೊಸ ಮನೆಗೆ ಹೊರಡುತ್ತಾಳೆ. ಅಲ್ಲಿ ಏನಾಯಿತು ಎಂಬುದನ್ನು ಲೇಖಕಿ ಬರೆಯಲಿಲ್ಲ. ಅದು ಅಲ್ಲಿ ಮೊದಲೇ ಮನೆ ಮಾಡಿಕೊಂಡಿರುವವರನ್ನು ಅವಲಂಬಿಸಿದೆ.