ದಿಲ್ಲಿಯ ಕೆರೆಗಳೂ ಮಳೆಗಾಲದ ಬಾಳುವೆಯೂ

ದಿಲ್ಲಿಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕೋಟೆ, ಗೋರಿ, ಮಿನಾರುಗಳು; ಇಲ್ಲವೆ ಯಮುನೆ. ಕೆರೆಗಳ ನಾಡಿನಿಂದ ಬಂದ ನಾವು ಕನ್ನಡಿಗರು ಕೂಡ, ಈ ಊರು ಒಂದು ಕಾಲಕ್ಕೆ ಕೆರೆಗಳನ್ನು ನಂಬಿ ಬಾಳಿತ್ತೆಂಬುದನ್ನು ನೆನೆಯುವುದು ಅಪೂರ್ವ. ಹಳೆಯ ದಿಲ್ಲಿಗಳಾದ ಮೆಹರೌಲಿ, ಸಿರಿಗಳು ಹೊಳೆಯಿಂದ ದೂರ, ಅರಾವಳಿಯ ಕಲ್ಲುನೆಲದ ಬಳಿ ಹುಟ್ಟಿದವು. ಬೇಸಗೆಯ ಉರಿ ಮುಗಿದ ಮೇಲೆ ಎರಡು ಮೂರು ತಿಂಗಳು ಸುರಿಯುವ ಮಳೆಯೇ ಅಲ್ಲಿನವರಿಗೆ ವರ್ಷದ ನೀರು.

1230ರ ಸುಮಾರಿಗೆ ಸುಲ್ತಾನ್ ಇಲ್ತುತ್ಮಿಷನು ಮೆಹರೌಲಿಯಲ್ಲಿ ಹೌಜ್-ಇ-ಶಂಸಿ ಎಂಬ ಕೆರೆಯನ್ನು ಕಟ್ಟಿಸಿದನು. ನೂರು ವರ್ಷಗಳ ತರುವಾಯ, 1334ರಲ್ಲಿ, ಇಲ್ಲಿಗೆ ಬಂದ ಮೊರಾಕೊ ದೇಶದ ಯಾತ್ರಿಕ ಇಬ್ನ್ ಬತೂತನು ಇದರ ದಡದ ಬಾಳುವೆಯನ್ನು ಬಣ್ಣಿಸಿದ್ದಾನೆ. ಊರವರು ಕುಡಿಯುತ್ತಿದ್ದುದು ಇದೇ ಮಳೆನೀರನ್ನು. ಕೆರೆ ತುಂಬಿದಾಗ ನಡುವಿನ ಮಂಟಪಕ್ಕೆ ದೋಣಿಯಲ್ಲದೆ ದಾರಿಯಿಲ್ಲ. ನೀರಿಳಿದಂತೆ ಅಂಚಿನ ಹಸಿನೆಲದಲ್ಲಿ ಕಬ್ಬು, ಸೌತೆ, ಕರಬೂಜಗಳ ಬೆಳೆ. ಅಲಾವುದ್ದೀನ್ ಖಲ್ಜಿಯು ಸಿರಿಯ ಬಳಿ ಕಟ್ಟಿಸಿದ ಹೌಜ್ ಖಾಸ್ ಇದಕ್ಕಿಂತಲೂ ದೊಡ್ಡದು. ಅದರ ಸುತ್ತ ಗಾಯಕರ, ವಾದ್ಯಗಾರರ ಮನೆಗಳೇ ತುಂಬಿದ್ದವು. ಅವರಿಗೆ ದೊಡ್ಡ ಪೇಟೆಯೂ ಮಸೀದಿಯೂ ಉಂಟು. ಆ ನೆಲೆಗೆ ತರಬಾಬಾದ್, ಅಂದರೆ ಆನಂದದ ಊರು, ಎಂದೇ ಹೆಸರು.

ಆದರೆ ಆನಂದಕ್ಕೆ ನೀರು ಬೇಕು, ನೀರಿಗೆ ಕಾಲುವೆ ಬೇಕು. ಹದಿನಾಲ್ಕನೆಯ ಶತಮಾನದ ನಡುವಿಗೆ ಫಿರೂಜ್ ಷಾ ತುಘಲಕನು ಪಟ್ಟಕ್ಕೆ ಬಂದಾಗ ಎರಡು ಕೆರೆಗಳೂ ಕೆಟ್ಟಿದ್ದವು. ಅವನು ಬರೆದಿಟ್ಟ ಮಾತಿನಂತೆ, ಶಂಸಿ ಕೆರೆಗೆ ನೀರು ತರುವ ಕಾಲುವೆಗಳನ್ನು ಕೆಲವರು ಸ್ವಾರ್ಥದಿಂದ ಮುಚ್ಚಿಬಿಟ್ಟಿದ್ದರು. ಹೌಜ್ ಖಾಸಿನಲ್ಲಿ ಹೂಳು ತುಂಬಿ, ಜನ ಅದರೊಳಗೇ ಉತ್ತು ಬಿತ್ತು, ಬಾವಿ ತೋಡಿ ನೀರು ಮಾರುತ್ತಿದ್ದರು! ಅರಸನು ಕಾಲುವೆ ಮುಚ್ಚಿದವರನ್ನು ದಂಡಿಸಿ, ಹೂಳೆತ್ತಿಸಿ, ದಡದಲ್ಲಿ ಮದರಸೆಯನ್ನು ಕಟ್ಟಿಸಿದನು. 1398ರಲ್ಲಿ ದಂಡೆತ್ತಿ ಬಂದ ತೈಮೂರನು ಕೂಡ ಈ ದಡದಲ್ಲಿ ಬೀಡುಬಿಟ್ಟು ಕೆರೆಯ ಹಿರಿಮೆಗೆ ಬೆರಗಾದನು.

ಮೊಗಲರ ಕೊನೆಗಾಲದಲ್ಲಿಯೂ ಶಂಸಿ ಕೆರೆಯ ಮಳೆಗಾಲ ಮಾಸಲಿಲ್ಲ. ಕೆರೆ ಕೋಡಿ ಬಿದ್ದ ನೀರು ಝರನಾ ಎಂಬ ತೋಟದಲ್ಲಿ ಧುಮುಕುತ್ತಿತ್ತು. ಮಾವಿನ ಕೊಂಬೆಗಳಲ್ಲಿ ಉಯ್ಯಾಲೆ ತೂಗುತ್ತಿದ್ದವು. ಬಹಾದುರ್ ಷಾ ಜಫರನು ಮಳೆಗಾಲ ಕಳೆಯಲು ಇಲ್ಲಿಗೇ ಬರುತ್ತಿದ್ದನು. ಎರಡನೆಯ ಅಕ್ಬರನ ಕಾಲದಲ್ಲಿ, 1812ರಲ್ಲಿ, ಮೊದಲಾದ ಹೂವಾಡಿಗರ ಜಾತ್ರೆಯಲ್ಲಿ ಹೂವಿನ ಬೀಸಣಿಗೆಗಳು ಯೋಗಮಾಯೆಯ ಗುಡಿಗೂ ಕುತುಬುದ್ದೀನ್ ಬಖ್ತಿಯಾರ್ ಕಾಕಿಯ ದರ್ಗಾಕ್ಕೂ ಸಲ್ಲುತ್ತಿದ್ದವು. ಹಿಂದೂ ಮುಸಲ್ಮಾನರು ಒಂದೇ ಮಳೆಯಲ್ಲಿ ತೊಯ್ದು ಒಂದೇ ಹಬ್ಬ ಮಾಡಿದರು. 1942ರಲ್ಲಿ ಬ್ರಿಟಿಷರು ನಿಲ್ಲಿಸಿದ ಈ ಜಾತ್ರೆಯು 1960ರ ದಶಕದ ಆರಂಭದಲ್ಲಿ ನೆಹರೂ ಅವರ ಪ್ರೋತ್ಸಾಹದಿಂದ ಮತ್ತೆ ನಡೆಯಿತು.

ಜಾತ್ರೆಗೆ ಮರುಹುಟ್ಟು ದೊರೆತಂತೆ ಕೆರೆಗೆ ದೊರೆಯಲಿಲ್ಲ. ಶಂಸಿ ಕೆರೆ ಸುತ್ತಣ ಮನೆಗಳ ನಡುವೆ ಕುಗ್ಗಿದೆ. ಹೌಜ್ ಖಾಸಿನಲ್ಲಿ ಇಂದು ಕಾಣುವುದು ಬಹುಮಟ್ಟಿಗೆ ಶುದ್ಧಿಮಾಡಿ ಬಿಟ್ಟ ಕೊಳಚೆನೀರು. ಬೇಸಗೆ ಬಂತೆಂದರೆ ಈ ರಾಜಧಾನಿಯ ಎಷ್ಟೋ ಬೀದಿಗಳಲ್ಲಿ ಕೊಡ ಹಿಡಿದವರು ಟ್ಯಾಂಕರಿನ ದಾರಿ ಕಾಯುತ್ತಾರೆ. ಮಳೆ ಬಂದರೆ ಅದೇ ಬೀದಿಗಳಲ್ಲಿ ಮೊಣಕಾಲುದ್ದ ನೀರು! ನೀರಿಗೆ ಹೋಗಲು ದಾರಿಯಿಲ್ಲ, ನಿಲ್ಲಲು ಮನೆಯಿಲ್ಲ.

ನಮ್ಮ ಹಿರಿಯರು ಕೆರೆ ಕಟ್ಟಿಸುವುದರೊಡನೆ, ಅದನ್ನು ಕಾಪಾಡುವವರಿಗೆಂದು ಕಟ್ಟುಕೊಡಗೆಯ ಭೂಮಿಯನ್ನೂ ಬಿಡುತ್ತಿದ್ದರು. ಕೆರೆ ತುಂಬಿದಾಗ ಬಾಗಿನ ಅರ್ಪಿಸುವ ವಾಡಿಕೆ ಇಂದಿಗೂ ನಮ್ಮಲ್ಲುಂಟು. ಕಟ್ಟುವುದು ಒಬ್ಬ ಅರಸನ ಪುಣ್ಯ, ಉಳಿಸುವುದು ಊರೆಲ್ಲರ ಕೆಲಸ ಎಂಬುದು ಇದರ ತಿರುಳು. ಬೆಂಗಳೂರಿನ ಕೆರೆಗಳ ಗತಿಯನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿಲ್ಲಿಯಲ್ಲಿ ನೆಲಸಿ ಇಲ್ಲಿನ ಅನ್ನ ನೀರು ಉಂಡ ನಮಗೆ ಈ ಊರಿನ ಕೆರೆಗಳೂ ನಮ್ಮವೇ. ಮುಂದಿನ ಮಳೆಗಾಲದಲ್ಲಿ ಮಕ್ಕಳನ್ನು ಕುತುಬ್ ಮಿನಾರಿಗೆ ಕರೆದೊಯ್ಯುವಾಗ ಇನ್ನೊಂದಿಷ್ಟು ದೂರ ನಡೆದು ಶಂಸಿ ಕೆರೆಯನ್ನೂ ತೋರಿಸೋಣ. ನೀರು ಎಲ್ಲಿಂದ ಬರುತ್ತಿತ್ತು, ಏಕೆ ನಿಂತಿತು ಎಂಬುದನ್ನೂ ತಿಳಿಸೋಣ.